ಮೂರು ಮೈಲಿಗೊಂದು ಗೇಟು

ಹಟ್ಟಿ, ಪಾವಗಡ ತಾಲ್ಲೂಕು
12 ಆಗಸ್ಟ್ 2024

ಮಗಳು ಮಂಗಳಗೌರಿಗೆ ಅಪ್ಪ ಅಂಜನಪ್ಪ ಬರೆಯುವುದು.

ಕಾಗದ ನೋಡಿ ನಗಬೇಡ. ಫೋನಿನಲ್ಲಿ ನೀನು ಏನು ಹೇಳಿದರೂ ನನಗೆ ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಮೊನ್ನೆ ನೀನೇನೋ ಕೇಳಿದೆ, ನಾನು "ಊಂ, ಉಂಡೆ" ಅಂದೆ, ಪಕ್ಕದಲ್ಲಿದ್ದ ನಿಮ್ಮವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿವಿ ಹೋದರೇನಂತೆ, ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ ಇನ್ನೂ ಹೋಗಿಲ್ಲ. ಇನ್ನು ಮೇಲೆ ಬರೆದೇ ಮಾತಾಡೋಣ.

ನೀನು ಬಸುರಿಯಾದ ಸುದ್ದಿ ಕೇಳಿದಾಗಿನಿಂದ ನಿಮ್ಮವ್ವ ಕ್ಯಾತಮ್ಮನ ಕಾಲು ನೆಲದ ಮೇಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ. ಹೆರುವುದು ಆಸ್ಪತ್ರೆಯಲ್ಲಾದರೂ ಬಾಣಂತನ ಇಲ್ಲೇ. ಹಟ್ಟಿಯ ಪದ್ಧತಿ ನಿನಗೆ ಗೊತ್ತೇ ಇದೆ, ಹೆತ್ತವಳು ಕೂಸಿನ ಜೊತೆ ಹಟ್ಟಿಯ ಸುತ್ತಲಿನ ಮುಳ್ಳುಬೇಲಿಯ ಆಚೆ ಗುಡ್ಲಿನಲ್ಲಿದ್ದು, ಮೈಲಿಗೆ ಕಳೆದ ಮೇಲೆ ಒಳಗೆ ಬರಬೇಕು. ಹಾಗಂತ ನನ್ನ ಮಗಳನ್ನು ಹರಕು ಗುಡ್ಲಿನಲ್ಲಿ ಮಲಗಿಸುತ್ತೇನೆಯೇ? ಸೋಲಾರ್ ಕಂಪನಿಯವರು ಗಾಜಿನ ಹಲಗೆ ತಂದ ಮರದ ಪೆಟ್ಟಿಗೆಗಳನ್ನು ರಸ್ತೆ ಬದಿ ಎಸೆದಿದ್ದರು. ಕೇಳಿಕೊಂಡು ಹೊತ್ತು ತಂದಿದ್ದೇನೆ. ಮರದ ಗೋಡೆ, ಮೇಲೆ ಶೀಟು, ಒಳಗೆ ಬಲ್ಬು. ಗೋಡೆಯ ಮೇಲೆಲ್ಲ ಒಡೆಯುವ ಲೋಟದ ಚಿತ್ರ, ಮೇಲ್ಮುಖದ ಬಾಣ. ಕೂಸಿಗೆ ನೋಡಲು ಚೆನ್ನಾಗಿರುತ್ತದೆ.

ಪೆಟ್ಟಿಗೆ ಕೊಟ್ಟ ಕಂಪನಿಯೇ ಬೇಲಿಯನ್ನೂ ಕೊಟ್ಟಿದೆ. ಹೊಲದವರು ಹೊಲವನ್ನು ಗುತ್ತಿಗೆಗೆ ಕೊಟ್ಟರು, ಅದು ಅವರ ಸೊತ್ತು. ಆದರೆ ನಮ್ಮ ಕುರಿಮಂದೆ ನೀರು ಕುಡಿಯಲು ಕುಂಟೆಗೆ ಹೋಗುತ್ತಿದ್ದ ದಾರಿ ಆ ಹೊಲಗಳ ನಡುವೆಯೇ ಇತ್ತಲ್ಲ? ಈಗ ಮುಳ್ಳುತಂತಿ. ಗುಡ್ಡ ಸುತ್ತಿಕೊಂಡು ಹೋಗುವಷ್ಟರಲ್ಲಿ ಮರಿಗಳು ನಾಲಿಗೆ ಹೊರಹಾಕುತ್ತವೆ. ಒಂದು ಕಟ್ಟರ್ ತಂದು ಕತ್ತರಿಸಿ ಬಿಡೋಣ ಅನ್ನಿಸುತ್ತದೆ.

ಈಗ ಕಾಲೇಜಿನಲ್ಲಿ ಏನು ಪಾಠ ಹೇಳುತ್ತಿದ್ದೀಯಾ? ಬರೆ.

ನಿನ್ನ ಅಪ್ಪ,
ಅಂಜನಪ್ಪ


ಶಿರಾ
27 ಆಗಸ್ಟ್ 2024

ಅಪ್ಪಾ,

ಮೊದಲು ಕಟ್ಟರ್ ಕೆಳಗಿಡು. ಉಳಿದದ್ದು ಆಮೇಲೆ.

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಕಾಲೇಜಿನ ವಿಳಾಸಕ್ಕೇ ತಂದುಕೊಟ್ಟ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮುಟ್ಟಿ ನೋಡಿದರು. ಇನ್‌ಲ್ಯಾಂಡ್ ಪತ್ರ ಇನ್ನೂ ಸಿಗುತ್ತದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಾನೀಗ ಹೇಳುತ್ತಿರುವುದು ಅಮೆರಿಕದ ಪಾಠ. ನೂರೈವತ್ತು ವರ್ಷದ ಹಿಂದಿನ ಅಮೆರಿಕ. ಉಕ್ಕಿನ ಕಾರ್ಖಾನೆಗಳು ಎದ್ದ ಕಾಲ, ರೈಲು ಈ ಸಮುದ್ರದಿಂದ ಆ ಸಮುದ್ರದ ತನಕ ಓಡಿದ ಕಾಲ. ರೈಲು ಕಂಪನಿಗಳಿಗೆ ಸರ್ಕಾರವೇ ಹಳಿಯ ಅಕ್ಕಪಕ್ಕದ ಭೂಮಿಯನ್ನು ಪುಕ್ಕಟೆ ಕೊಟ್ಟಿತು. ಕಾನೂನು ಮಾಡುವವರಲ್ಲಿ ಕೆಲವರು ಅದೇ ಕಂಪನಿಗಳ ಷೇರು ಜೇಬಿಗಿಳಿಸಿದರು. ಮಕ್ಕಳು ಇದನ್ನೆಲ್ಲ ನೋಟ್ಸ್ ಬರೆದುಕೊಂಡು ಆಕಳಿಸುತ್ತಾರೆ. ನಿನ್ನ ಕಾಗದ ಬಂದ ದಿನ ನಾನು ನೋಟ್ಸ್ ಬಿಟ್ಟು ಬೇಲಿಯ ಕಥೆ ಹೇಳಿದೆ. ಒಬ್ಬರೂ ಆಕಳಿಸಲಿಲ್ಲ.

ಅಲ್ಲಿಯೂ ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲಿತ್ತಂತೆ, ಅಪ್ಪ. ಮರ ಇಲ್ಲ, ಕಲ್ಲಿಲ್ಲ, ಹಾಗಾಗಿ ಬೇಲಿಯೂ ಇರಲಿಲ್ಲ. ಯಾರ ದನ ಎಲ್ಲಿ ಬೇಕಾದರೂ ಮೇಯಬಹುದಿತ್ತು. ಆಮೇಲೆ ಯಾರೋ ತಂತಿಗೆ ಮುಳ್ಳು ಹೆಣೆಯುವ ಯುಕ್ತಿ ಕಂಡುಹಿಡಿದರು. ಕಾರ್ಖಾನೆಗಳು ಅದನ್ನು ಸುರುಳಿ ಸುರುಳಿಯಾಗಿ ಹೊರಹಾಕಿದವು, ರೈಲುಗಳು ಹೊತ್ತು ತಂದವು. ಹತ್ತೇ ವರ್ಷದಲ್ಲಿ ಬಯಲಿಗೆ ಬಯಲೇ ಕಟ್ಟಿಹೋಯಿತು. ದುಡ್ಡಿದ್ದವರು ತಮ್ಮ ಭೂಮಿಗಷ್ಟೇ ಅಲ್ಲ, ಊರ ದಾರಿಗೆ, ನೀರಿಗೆ, ಶಾಲೆಗೆ ಹೋಗುವ ಹಾದಿಗೂ ಬೇಲಿ ಹಾಕಿದರು. ಟೆಕ್ಸಾಸ್ ಎನ್ನುವ ಕಡೆ ಒಂದು ವರ್ಷ ಮಳೆ ಕೈಕೊಟ್ಟಿತು. ದನ ಬೇಲಿಯ ಈಚೆ, ನೀರು ಆಚೆ. ಆಗ ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಟ್ಟರ್ ಹಿಡಿದು ಹೊರಟರು. ಗುಂಡು ಹಾರಿದವು, ಹೆಣ ಬಿದ್ದವು. ಅದಕ್ಕೇ ಮೊದಲ ಸಾಲಿನಲ್ಲಿ ಹಾಗೆ ಬರೆದದ್ದು.

ಗುಡ್ಲಿನ ವಿಷಯ ಮುಂದೆ ಬರೆಯುತ್ತೇನೆ. ನನಗೆ ಹುರುಳಿಕಾಳಿನ ಸಾರಿನ ಆಸೆಯಾಗಿದೆ ಅಂತ ಅವ್ವನಿಗೆ ಹೇಳು.

ನಿನ್ನ,
ಗೌರಿ


ಹಟ್ಟಿ
10 ಸೆಪ್ಟೆಂಬರ್ 2024

ಮೇಷ್ಟ್ರಮ್ಮನವರಿಗೆ,

ನಿನ್ನ ಕಾಗದವನ್ನು ಕುರಿ ಕೂಡುವ ರೊಪ್ಪದ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ನಾಲ್ಕು ಜನ ಸೇರಿದರು. ನಮ್ಮ ಪೂಜಾರಿ ದಾಸಯ್ಯನೂ ಬಂದು ಕೂತ. "ಅಲ್ಲೂ ಇಂಗೇನಾ?" ಅಂತ ಬಾಯಿ ಬಿಟ್ಟುಕೊಂಡು ಕೇಳಿದ. ಅಮೆರಿಕ ಅಂದರೆ ಎಲ್ಲರಿಗೂ ಎಲ್ಲವೂ ಇರುವ ದೇಶ ಅಂದುಕೊಂಡಿದ್ದ ಪಾಪ.

ಆದರೆ ನೀನು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀಯಾ. ನನಗೆ ನಿದ್ದೆ ಇಲ್ಲ. ಕೇಳುತ್ತೇನೆ, ಒಂದೊಂದಕ್ಕೂ ಉತ್ತರ ಬರೆ. ಬರೀ ದನ ದನ ಅಂತೀಯಲ್ಲ, ಅಲ್ಲಿ ಕುರಿ ಇರಲಿಲ್ಲವೇ? ಕುರಿಯವರು ಎಲ್ಲಿ ಹೋದರು? ಬೇಲಿ ಬರುವ ಮೊದಲು ಆ ಹುಲ್ಲು ಯಾರದ್ದು? ಹುಲ್ಲು ಅಂದ ಮೇಲೆ ಅದನ್ನು ಮೇಯಿಸುವವರೋ, ಅಲ್ಲಿ ಬೇಟೆಯಾಡುವವರೋ ಯಾರಾದರೂ ಇದ್ದೇ ಇರಬೇಕು. ಕಡೆಗೆ ಜಗಳ ಹೇಗೆ ಮುಗಿಯಿತು? ಗೆದ್ದವರು ಯಾರು? ಬೇಲಿಯೋ ಕಟ್ಟರೋ?

ಗುಡ್ಲಿಗೆ ಬಾಗಿಲು ಕೂರಿಸಿದೆ. ಒಳಗಿನಿಂದ ಚಿಲಕ. ನೀನು ಅದರ ಬಗ್ಗೆ ಏನೂ ಬರೆದಿಲ್ಲ ಅನ್ನುವುದನ್ನು ನಾನು ಗಮನಿಸಿಲ್ಲ ಅಂದುಕೊಳ್ಳಬೇಡ. ಕಿವಿ ಮಂದ, ಕಣ್ಣು ಚೆನ್ನಾಗಿದೆ.

ಹುರುಳಿ ಸಾರಿಗೆ ಹುರುಳಿಯನ್ನು ನಿಮ್ಮವ್ವ ಬಸ್ಸಿಗೆ ಕೊಟ್ಟು ಕಳಿಸಿದ್ದಾಳೆ. ಅಳಿಯ ಗೋಪಾಲನಿಗೆ ಡಿಪೋದಲ್ಲಿ ಇಳಿಸಿಕೊಳ್ಳಲು ಹೇಳು.

ಅಪ್ಪ


ಶಿರಾ
28 ಸೆಪ್ಟೆಂಬರ್ 2024

ಅಪ್ಪಾ,

ನಿನ್ನಂಥ ವಿದ್ಯಾರ್ಥಿ ಒಬ್ಬನಿದ್ದರೆ ಸಾಕು, ಮೇಷ್ಟ್ರು ಲೈಬ್ರರಿಯಲ್ಲೇ ವಾಸ ಮಾಡಬೇಕಾಗುತ್ತದೆ. ಎರಡು ವಾರ ನಾನು ಮಾಡಿದ್ದು ಅದನ್ನೇ.

ಕುರಿಗಳಿದ್ದವು. ಕುರಿಯವರನ್ನು ದನದವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕುರಿ ಮೇಯ್ದ ಕಡೆ ದನ ಮೂಸುವುದಿಲ್ಲ ಎಂದು ನೆಪ ಹೇಳಿ, ಇಡೀ ಮಂದೆಗಳನ್ನು ಬಡಿದು ಕೊಂದರು, ಬಂಡೆಯ ಮೇಲಿಂದ ತಳ್ಳಿದರು. ಇದನ್ನು ರೊಪ್ಪದ ಕಟ್ಟೆಯಲ್ಲಿ ಗಟ್ಟಿಯಾಗಿ ಓದಬೇಡ.

ಹುಲ್ಲು ಯಾರದ್ದು ಎಂದು ನನ್ನ ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ, ನೀನು ಕೇಳಿದೆ. ಅಲ್ಲಿ ಮೂಲದ ಜನ ಇದ್ದರು, ಕಾಡೆಮ್ಮೆಯ ಹಿಂದೆ ಅಲೆಯುತ್ತಿದ್ದರು. ಬಂದವರು ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ಕೊಂದು ಮುಗಿಸಿದರು. ಆ ಜನರನ್ನು ಸೈನ್ಯ ತಂದು ಗೆರೆ ಎಳೆದ ಜಾಗಗಳೊಳಗೆ ತಳ್ಳಿದರು. ಹೀಗೆ ಖಾಲಿಯಾದ ಬಯಲಿನಲ್ಲೇ ದನದವರು ಬಂದು ಮೇಯಿಸಿದ್ದು, ಆಮೇಲೆ ಬೇಲಿ ಬಂತೆಂದು ಅತ್ತದ್ದು.

ಇನ್ನು ಜಗಳ ಮುಗಿದ ರೀತಿ. ಬೇಲಿ ಕತ್ತರಿಸುವುದು ದೊಡ್ಡ ಅಪರಾಧ ಎಂದು ಟೆಕ್ಸಾಸಿನ ಸಭೆ ಕಾನೂನು ಮಾಡಿತು. ನಿನ್ನ ಮುಖ ಸಣ್ಣಗಾಯಿತು ತಾನೇ? ಪೂರ್ತಿ ಓದು. ತನ್ನದಲ್ಲದ ಭೂಮಿಗೆ ಬೇಲಿ ಹಾಕುವುದೂ ಅಪರಾಧ ಎಂದಿತು. ಬೇಲಿ ಸಾರ್ವಜನಿಕ ದಾರಿಗೆ ಅಡ್ಡ ಬಂದರೆ ಮೂರು ಮೈಲಿಗೊಂದು ಗೇಟು ಇಡಬೇಕು, ಆ ಗೇಟನ್ನು ಸುಸ್ಥಿತಿಯಲ್ಲಿಡಬೇಕು ಎಂದೂ ಬರೆಯಿತು. ಬೇಲಿ ಉಳಿಯಿತು, ಜೊತೆಗೆ ಗೇಟೂ ಬಂತು.

ಇನ್ನೊಂದು ತಮಾಷೆ ಇದೆ. ಆಮೇಲಾಮೇಲೆ ಹಳ್ಳಿಯ ಜನ ಅದೇ ಮುಳ್ಳುತಂತಿಗೆ ಫೋನು ಸಿಕ್ಕಿಸಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಮಾತಾಡುತ್ತಿದ್ದರಂತೆ. ಮಳೆ ಬಂದರೆ ಮಾತು ನಿಲ್ಲುತ್ತಿತ್ತಂತೆ. ನಿನ್ನ ಕಿವಿಗೆ ಅದೂ ಕೇಳುತ್ತಿರಲಿಲ್ಲ, ಬಿಡು.

ಅಪ್ಪ, ಹೆರಿಗೆ ಸಂಕ್ರಾಂತಿಯ ಆಸುಪಾಸು ಎಂದಿದ್ದಾರೆ ಡಾಕ್ಟರಮ್ಮ. ಗೋಪಾಲ್‌ಗೆ ತಾಯಿ ಇಲ್ಲ. ನನಗೆ ಅವ್ವ ಬೇಕು. ಇವತ್ತಿಗೆ ಇಷ್ಟೇ ಬರೆಯಲು ಸಾಧ್ಯ.

ಗೌರಿ


ಹಟ್ಟಿ
16 ಅಕ್ಟೋಬರ್ 2024

ಗೌರವ್ವಾ,

ನಾನೊಂದು ಘನಕಾರ್ಯ ಮಾಡಿದೆ. ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ತೊಳೆದ ಪಂಚೆ ಉಟ್ಟು, ಕಂಬಳಿ ಹೆಗಲಿಗೆ ಹಾಕಿ ಕಂಪನಿಯ ಆಫೀಸಿಗೇ ಹೋದೆ. ಅಲ್ಲಿನ ಸೂಪರ್‌ವೈಸರ್ ಆಂಧ್ರದ ಕಡೆಯ ಹುಡುಗ, ಒಳ್ಳೆಯವನು, ಕೂತುಕೋ ಅಂದ. ನಾನು ನಿನ್ನ ಕಾಗದ ಬಿಚ್ಚಿ, ಮೂರು ಮೈಲಿಗೊಂದು ಗೇಟು ಇಡಬೇಕಂತ ಕಾನೂನಿದೆ ಅಂತ ಓದಿ ಹೇಳಿದೆ.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿದ, "ಪೆದ್ದಾಯನಾ, ಅದಿ ಅಮೆರಿಕಾ ಚಟ್ಟಂ! ಇದಿ ಪಾವಗಡ!"

ಅದು ಅಮೆರಿಕದ ಕಾನೂನು ಅನ್ನುವುದು ನನಗೆ ಗೊತ್ತಿಲ್ಲವೇ? ನಾನೂ ತೆಲುಗಿನಲ್ಲೇ ಹೇಳಿದೆ, "ಗೊರ್ರೆಲಕಿ ಅಮೆರಿಕಾ ಏಮಿಟಿ, ಪಾವಗಡ ಏಮಿಟಿ ಸಾಮೀ? ದಪ್ಪಿಕ ಒಕಟೇ ಕದಾ." ಕುರಿಗೆ ಎಲ್ಲಿದ್ದರೂ ಬಾಯಾರಿಕೆ ಒಂದೇ ಅಲ್ಲವೇ? ಅವನು ನಕ್ಕು, "ಅದಿ ನಿಜಮೇ" ಅಂದ. ಅವನ ತಾತನೂ ಕುರಿ ಕಾಯುತ್ತಿದ್ದನಂತೆ. ಮೇಲಿನವರಿಗೆ ಕೇಳುತ್ತೇನೆ, ಬೆಳಿಗ್ಗೆ ಸಂಜೆ ತೆಗೆಯುವ ಹಾಗೆ ಒಂದು ಗೇಟು ಮಾಡಿಸಬಹುದು ಅಂದಿದ್ದಾನೆ. ಟೀಯನ್ನೂ ಕೊಟ್ಟ.

ನಿನ್ನ ಕಥೆಯ ಒಂದು ಮಾತು ಮಾತ್ರ ಗಂಟಲಿನಲ್ಲೇ ನಿಂತಿದೆ. ಆ ದನದವರನ್ನು ನೋಡು. ಮೊದಲು ಇನ್ನೊಬ್ಬರನ್ನು ಆಚೆ ದಬ್ಬಿದರು, ಆಮೇಲೆ ತಮ್ಮ ದಾರಿಗೆ ಬೇಲಿ ಬಂದಾಗ ಅಯ್ಯೋ ಅಂದರು. ತಾನು ಹಾಕಿದ ಬೇಲಿ ಯಾರ ಕಣ್ಣಿಗೂ ಬೇಲಿ ಅನ್ನಿಸುವುದಿಲ್ಲ. ದಾಸಯ್ಯನಿಗೆ ಇದನ್ನು ಹೇಳಿದೆ. "ಮನ್ಸ ಜಾತಿನೇ ಅಂಗೆ ಕಣ್ಲಾ" ಅಂದ.

ಗುಡ್ಲು ಮುಗಿಯಿತು. ಬಂದು ನೋಡಿದರೆ ನೀನೇ ಭೇಷ್ ಅನ್ನುತ್ತೀಯಾ. ಯಾವಾಗ ಬರುತ್ತೀಯಾ?

ಅಪ್ಪ


ಶಿರಾ
9 ನವೆಂಬರ್ 2024

ಅಪ್ಪಾ,

ಈ ಕಾಗದವನ್ನು ಹರಿದು ಹರಿದು ಮತ್ತೆ ಬರೆದಿದ್ದೇನೆ. ಓದುವಾಗ ನಿನ್ನ ಪಕ್ಕ ಯಾರೂ ಇರದಿರಲಿ.

ನಾನು ಗುಡ್ಲಿಗೆ ಬರುವುದಿಲ್ಲ.

ನೀನು ಎಷ್ಟು ಪ್ರೀತಿಯಿಂದ ಕಟ್ಟಿದ್ದೀಯಾ ಎಂದು ನನಗೆ ಗೊತ್ತು. ಆ ಬಾಣದ ಗುರುತು, ಒಳಗಿನ ಚಿಲಕ, ಎಲ್ಲವನ್ನೂ ನೆನೆದು ಅತ್ತಿದ್ದೇನೆ. ಆದರೂ ಬರುವುದಿಲ್ಲ. ಮೈ ನೆರೆದಾಗಿನಿಂದ ಮದುವೆಯಾಗುವ ತನಕ ಪ್ರತಿ ತಿಂಗಳೂ ನಾನು ಬೇಲಿಯ ಆಚೆ ಕೂತಿದ್ದೇನೆ. ಅವ್ವ ತಟ್ಟೆಯನ್ನು ದೂರದಲ್ಲಿಟ್ಟು ಹೋಗುತ್ತಿದ್ದಳು. ಪರೀಕ್ಷೆಗೂ ಅಲ್ಲೇ ಓದಿದ್ದೇನೆ, ಚಳಿಯಲ್ಲಿ ಪುಸ್ತಕವನ್ನು ಎದೆಗೊತ್ತಿಕೊಂಡು. ನೀನು ದಿನಾ ಸಂಜೆ ಬೇಲಿಯ ಒಳಗೆ ನಿಂತು "ಏನವ್ವಾ, ಉಂಡ್ಯಾ?" ಎಂದು ಕೂಗುತ್ತಿದ್ದೆ. ನಾನು ಉಂಡಿರಲಿ ಬಿಡಲಿ "ಊಂ" ಎನ್ನುತ್ತಿದ್ದೆ. ಆಗ ನಿನ್ನ ಕಿವಿ ಚೆನ್ನಾಗಿತ್ತು.

ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದೆ. ನನ್ನ ಮೇಲೆ ಆದದ್ದು ಆಯಿತು, ಸಹಿಸಿದೆ. ಪುಷ್ಯದ ಚಳಿಯಲ್ಲಿ ಹಸಿಗೂಸನ್ನು ಬೇಲಿಯ ಆಚೆ ಮಲಗಿಸಲಾರೆ. ಗೋಡೆ ಮರದ್ದಾಗಲಿ, ಚಿನ್ನದ್ದಾಗಲಿ, ಅದು ಆಚೆಯೇ ತಾನೇ?

ತಾನು ಹಾಕಿದ ಬೇಲಿ ಯಾರ ಕಣ್ಣಿಗೂ ಬೇಲಿ ಅನ್ನಿಸುವುದಿಲ್ಲ ಎಂದು ನೀನೇ ಬರೆದೆ. ಆ ಸಾಲಿನ ಕೆಳಗೆ ಗೆರೆ ಎಳೆದು ಎಷ್ಟೋ ಸಲ ಓದಿದೆ. ಕುರಿಗಳಿಗಾಗಿ ಪಂಚೆ ತೊಳೆದುಟ್ಟು ಆಫೀಸಿಗೆ ಹೋಗಿ ಗೇಟು ಕೇಳಿದೆ. ನನಗೂ ಒಂದು ಗೇಟು ಕೇಳುತ್ತೀಯಾ, ಅಪ್ಪ?

ಆಗದಿದ್ದರೆ ಹೇಳಿಬಿಡು. ಅವ್ವನನ್ನು ಇಲ್ಲಿಗೆ ಕಳಿಸು. ಬಾಣಂತಿಯನ್ನು ಮುಟ್ಟಿ ಬಂದವಳೆಂದು ಹಟ್ಟಿಯವರು ಅವಳನ್ನೂ ಒಳಗೆ ಬಿಡದಿದ್ದರೆ ಅವಳು ಇಲ್ಲೇ ಇರಲಿ. ಅದೂ ಆಗದಿದ್ದರೆ ನಾನೂ ಗೋಪಾಲೂ ಹೇಗೋ ನೋಡಿಕೊಳ್ಳುತ್ತೇವೆ. ಆದರೆ ಆಮೇಲೆ ಮೊಮ್ಮಗುವನ್ನು ನೋಡಲು ಹಟ್ಟಿಗೆ ಕರೆಯಬೇಡ.

ನಿನ್ನ ಮಗಳು,
ಮಂಗಳಗೌರಿ


ಶಿರಾ
14 ಡಿಸೆಂಬರ್ 2024

ಅಪ್ಪಾ,

ಒಂದು ತಿಂಗಳು ದಾಟಿತು, ನಿನ್ನ ಕಾಗದ ಇಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ಫೋನು ಮಾಡಿದರೆ ಅವ್ವ, "ನಿಮ್ಮಪ್ಪ ಯಾರ ಜೊತೇಲೂ ಮಾತಾಡ್ತಿಲ್ಲ ಕಣಮ್ಮ. ಮಂದೆ ಜೊತೇಲೇ ಮಲಗ್ತಾನೆ. ನಾನೇನ್ ಮಾಡ್ಲಿ?" ಎನ್ನುತ್ತಾಳೆ.

ಬೈದಾದರೂ ಬರೆ. ಸುಮ್ಮನಿರಬೇಡ. ನೀನು ಸುಮ್ಮನಿದ್ದರೆ ನನಗೆ ಪಾಠ ಮಾಡಲೂ ಆಗುತ್ತಿಲ್ಲ. ನಿನ್ನೆ ಮುಷ್ಕರಗಳ ಬಗ್ಗೆ ಹೇಳುತ್ತಾ ಇದ್ದಕ್ಕಿದ್ದಂತೆ ನಿಂತುಬಿಟ್ಟೆ, ಮಕ್ಕಳು ಎದ್ದು ಬಂದು ನೀರು ಕೊಟ್ಟರು.

ಗೌರಿ


ಹಟ್ಟಿಯ ಆಚೆ
29 ಡಿಸೆಂಬರ್ 2024

ಮಗಳು ಗೌರಿಗೆ,

ಬೈಯುವುದಿದ್ದರೆ ಅವತ್ತೇ ಬೈದು ಬರೆಯುತ್ತಿದ್ದೆ, ಅದೇನು ಕಷ್ಟದ ಕೆಲಸವಲ್ಲ. ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಅಕ್ಷರ ಕಲಿಸಿದ್ದು ಇದಕ್ಕಾ ಅಂತ ನಿಮ್ಮವ್ವನ ಮುಂದೆ ಕೂಗಾಡಿದೆ. ಅವಳು ರಾಗಿ ಬೀಸುತ್ತಾ, "ಇನ್ಯಾತಕ್ ಕಲ್ಸಿದ್ದೆ ಮತ್ತೆ?" ಅಂದಳು. ಅಷ್ಟೇ. ಅಂದಿನಿಂದ ನನ್ನ ಬಾಯಿ ಕಟ್ಟಿತು.

ಮೊದಲು ಕಂಪನಿಯ ಗೇಟಿನ ಸುದ್ದಿ, ನಿನಗೆ ಕುತೂಹಲ ಇರುತ್ತದೆ. ಗೇಟು ಆಯಿತು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಕಾವಲಿನವನು ತೆಗೆಯುತ್ತಾನೆ. ಮೊದಲ ದಿನ ಏನಾಯಿತು ಗೊತ್ತಾ? ಕುರಿಗಳು ಒಳಗೆ ಹೋಗಲೇ ಇಲ್ಲ. ಬಾಗಿಲು ತೆರೆದಿದೆ, ಆಚೆ ನೀರು ಹೊಳೆಯುತ್ತಿದೆ, ಇವು ತಲೆ ತಗ್ಗಿಸಿ ನಿಂತಿವೆ. ತಂತಿ ಚುಚ್ಚಿದ್ದು ಮರೆತಿಲ್ಲ. ಹೊಡೆದೆ, ಬೈದೆ, ಕಾವಲಿನವನು ನಕ್ಕ. ಕಡೆಗೆ ನಾನೇ ಗೇಟು ದಾಟಿ ಆಚೆ ನಿಂತು ನಾಲಿಗೆ ಲೊಟ್ಟೆ ಹೊಡೆದು ಕರೆದೆ. ಮಂದೆಯಲ್ಲಿರುವ ನಮ್ಮ ಮುದಿ ಹೋತ ಮೊದಲು ಬಂತು. ಅದರ ಹಿಂದೆ ಎಲ್ಲವೂ ಬಂದವು. ಕುಂಟೆಯ ದಡದಲ್ಲಿ ಕೂತು ಅವು ನೀರು ಕುಡಿಯುವುದನ್ನು ನೋಡುತ್ತಾ ನಾನು ಅತ್ತುಬಿಟ್ಟೆ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಅಂದೇ ದಾಸಯ್ಯನ ಹತ್ತಿರ ಹೋದೆ. "ಬೇಲಿ ಕೀಳು ಅಂತ ಕೇಳ್ತಿಲ್ಲ ಕಣಯ್ಯ. ನನ್ ಮಗಳು ಕೂಸು ಎತ್ಕೊಂಡು ಒಳಕ್ ಬರೋ ಅಂಗೆ ದಾರಿ ಬುಡು ಅಂತಿವ್ನಿ" ಅಂದೆ.

ಅವನು ಹೌಹಾರಿದ. "ಅದು ನಾವು ಹಾಕಿದ್ ಬೇಲಿ ಅಲ್ಲ ಕಣ್ಲಾ, ಹಿರೀಕರು ಹಾಕಿದ್ದು. ದೇವ್ರು ಮುನಿದ್ರೆ ಹೆಂಗೆ?"

"ವರ್ಸದಲ್ಲಿ ಮುಕ್ಕಾಲು ಪಾಲು ನಾನು ಮಂದೆ ಜೊತೆ ಆಚೇನೇ ಮಲಗ್ತೀನಿ. ನನ್ನ ಮ್ಯಾಲೆ ಮುನಿದೈತಾ? ಕೈ ಮುಗಿದ್ರೆ ಆಚೇನೂ ಬಂದ್ ಕಾಯ್ತೈತಲ್ಲ?"

"ನಿಂದು ಬ್ಯಾರೆ, ಹೆಣ್ಮಕ್ಕಳದ್ದು ಬ್ಯಾರೆ" ಅಂದ. ಹೇಗೆ ಬೇರೆ ಅಂತ ಕೇಳಿದೆ. ದೇವರ ಗುಡಿಯ ಕಡೆ ಕೈ ತೋರಿಸಿದ. ಒಪ್ಪಲಿಲ್ಲ. ಅವನು ಕೆಟ್ಟವನಲ್ಲ, ಗೌರಿ, ಹೆದರಿದ್ದಾನೆ. ಆ ಹೋತ ಗೇಟು ದಾಟುವ ಮುಂಚೆ ತಲೆ ತಗ್ಗಿಸಿ ನಿಂತಿದ್ದ ಕುರಿಗಳ ಮುಖವೇ ಅವನದ್ದೂ. ಹಟ್ಟಿಯ ಮೇಲೆ ಕಾನೂನು ಮಾಡಲು ನಾನೇನು ಟೆಕ್ಸಾಸಿನ ಸಭೆಯಲ್ಲ. ಪೊಲೀಸಿನವರನ್ನು ಕರೆತಂದು ಬೇಲಿ ಕೀಳಿಸಿದರೆ ಮಾರನೇ ದಿನವೇ ಜಾಲಿ ಮುಳ್ಳು ತಂದು ಕಟ್ಟುತ್ತಾರೆ. ಮಂದೆಯಲ್ಲಿ ಮಲಗಿ ಎಷ್ಟೋ ದಿನ ಯೋಚಿಸಿದೆ.

ಹತ್ತು ದಿನದ ಹಿಂದೆ ಒಂದು ಬೆಳಿಗ್ಗೆ ನಿಮ್ಮವ್ವನಿಗೆ ಹೇಳಿದೆ, ಕ್ಯಾತಮ್ಮ, ಒಳಗೆ ಬಿಡದಿದ್ದರೆ ನಾವೇ ಆಚೆ ಹೋಗಿಬಿಡೋಣ ಅಂತ. ನನ್ನ ಮಾತು ಮುಗಿದಿರಲಿಲ್ಲ, ಅವಳು ಬೀಸುವ ಕಲ್ಲನ್ನು ಉರುಳಿಸಿಕೊಂಡು ಬೇಲಿಯ ಬಾಯಿ ದಾಟಿದ್ದಳು. ಎಷ್ಟು ವರ್ಷದಿಂದ ಕಾದಿದ್ದಳೋ, ನಾನು ಕೇಳಿರಲೇ ಇಲ್ಲ.

ನಿನಗೆ ಕಟ್ಟಿದ ಗುಡ್ಲಿಗೆ ಇನ್ನೆರಡು ಅಂಕಣ ಸೇರಿಸಿದ್ದೇನೆ. ಅಡುಗೆ ಒಂದರಲ್ಲಿ, ನಾನೂ ನಿಮ್ಮವ್ವನೂ ಒಂದರಲ್ಲಿ, ನೀನೂ ಕೂಸೂ ನಡುವೆ, ಬೆಚ್ಚಗೆ. ರೊಪ್ಪ ಪಕ್ಕದಲ್ಲೇ. ದೇವರಿಗೂ ಒಂದು ಗೂಡು ಮಾಡಿ ದೀಪ ಹಚ್ಚಿದ್ದೇನೆ, ಉರಿಯುತ್ತಿದೆ. ಈಗ ಅದು ಗುಡ್ಲಲ್ಲ, ಅಂಜನಪ್ಪನ ಮನೆ. ಹಟ್ಟಿಯ ಬೇಲಿ ಇದ್ದ ಕಡೆಯೇ ಇರಲಿ.

ನಿನ್ನೆ ದಾಸಯ್ಯ ಬೇಲಿಯ ಒಳಗೆ ನಿಂತು ಏನೋ ಕೂಗಿದ. ನನಗೆ ಕೇಳಿಸಲಿಲ್ಲ. ನಿಜವಾಗಿಯೂ ಕೇಳಿಸಲಿಲ್ಲ, ಅವ್ವನಾಣೆ. "ಕೇಳ್ಸಲ್ಲ, ಈಚಿಕ್ ಬಂದ್ ಹೇಳು" ಅಂದೆ. ಅತ್ತ ನೋಡಿದ, ಇತ್ತ ನೋಡಿದ, ಕಡೆಗೆ ಚಪ್ಪಲಿ ಎಳೆಯುತ್ತಾ ಆಚೆ ಬಂದ. "ಗೌರವ್ವ ಯಾವಾಗ್ ಬತ್ತಾಳೆ ಅಂತ ಕೇಳ್ದೆ ಕಣ್ಲಾ" ಅಂದ. ನಿಮ್ಮವ್ವ ಟೀ ಕೊಟ್ಟಳು. ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದ. ಲೋಟ ಖಾಲಿ ಮಾಡಿಯೇ ಎದ್ದ.

ಗೋಪಾಲನಿಗೆ ಬಾಡಿಗೆ ಕಾರು ಹೇಳಲು ಹೇಳು, ಬಸ್ಸಿನಲ್ಲಿ ಬರಬೇಡ. ಹೆರಿಗೆ ಪಾವಗಡದ ಆಸ್ಪತ್ರೆಯಲ್ಲಾಗಲಿ. ಅಲ್ಲಿಂದ ನೇರ ಮನೆಗೆ. ನೀನು ಮಲಗುವ ಕೋಣೆಗೂ ನನ್ನ ಮಂಚಕ್ಕೂ ನಡುವೆ ಬರೀ ಒಂದು ಮರದ ಹಲಗೆ, ಒಡೆಯುವ ಲೋಟದ ಚಿತ್ರ ಇರುವುದು. ಬೇಕೆಂದೇ ಹಾಗೆ ಮಾಡಿದ್ದೇನೆ. ನನಗೆ ಕಿವಿ ಮಂದ, ಕೂಸು ಅತ್ತರೆ ಕೇಳಿಸಬೇಕಲ್ಲ.

ನಿನ್ನ ಅಪ್ಪ,
ಅಂಜನಪ್ಪ